ಹದಿನೆಂಟು ಗಂಟು

ಹೈಟಿಯ ಕಾಲ್ಬಾಸ್ ಗುಡ್ಡದ ಜನಕ್ಕೆ ಸಣಕಲು ಮಗುವನ್ನು ಕಂಡರೆ ಭಯ, ದುಂಡನೆಯ ಮಗುವನ್ನು ಕಂಡರೆ ಹೊಟ್ಟೆಕಿಚ್ಚು. ಸಣಕಲು ಮಗುವನ್ನು ತಾಯಿ ಬಟ್ಟೆಯಲ್ಲಿ ಮುಚ್ಚಿಕೊಂಡು ಓಡಾಡುತ್ತಾಳೆ. ದುಂಡನೆಯದನ್ನು ಎಲ್ಲರಿಗೂ ಕಾಣುವ ಹಾಗೆ ಸಂತೆಗೆ ಎತ್ತಿಕೊಂಡು ಹೋಗುತ್ತಾಳೆ. ಆ ದುಂಡುತನದ ಒಳಗಿರುವುದು ಮಾಂಸವೋ ನೀರೋ ಎಂದು ಬೆರಳಿಟ್ಟು ಒತ್ತಿ ನೋಡುವ ಬುದ್ಧಿ ಇಡೀ ಗುಡ್ಡದಲ್ಲಿ ಒಬ್ಬಳಿಗೆ ಮಾತ್ರ ಇತ್ತು. ಅವಳು ಕ್ಲೆರ್ಮೀನ್. ತಿಳಿಯದವರು ಮಾಡುವ ತಪ್ಪಿಗೆ ಎಲ್ಲಾದರೂ ಕ್ಷಮೆ ಇರಬಹುದು; ಈ ಕಥೆಯಲ್ಲಿ ತಪ್ಪು ಮಾಡಿದವಳು ತಿಳಿದವಳು.

ಕ್ಲೆರ್ಮೀನ್ ಕೆಳಗಿನ ಪಟ್ಟಣದಲ್ಲಿ ನರ್ಸಮ್ಮನ ಹತ್ತಿರ ಮೂರು ತಿಂಗಳು ಕಲಿತು ಬಂದಿದ್ದಳು. ಅವಳ ಅಂಗಳದಲ್ಲಿ ಜೀಗುಜ್ಜೆ ಮರದ ಕೆಳಗೆ ಮೂರು ಕಲ್ಲಿನ ಒಲೆ, ಅದರ ಮೇಲೆ ಕರಿಹಿಡಿದ ದೊಡ್ಡ ಪಾತ್ರೆ. ಸೊರಗಿದ ಮಕ್ಕಳ ತಾಯಂದಿರು ದಿನವೂ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಬರಬೇಕು, ಮನೆಯಿಂದ ಒಂದು ಹಿಡಿ ಏನಾದರೂ ತರಬೇಕು, ತಾವೇ ಬೇಯಿಸಬೇಕು, ತಾವೇ ಉಣಿಸಬೇಕು. ಮಾತ್ರೆ ಇಲ್ಲ, ಸೂಜಿ ಇಲ್ಲ. ಔಷಧಿಯೆಲ್ಲ ಆ ಪಾತ್ರೆಯಲ್ಲೇ ಬೇಯುತ್ತಿತ್ತು.

ಮರದ ಕೊಂಬೆಗೆ ಒಂದು ತೂಕದ ಕೊಕ್ಕೆ ನೇತುಹಾಕಿದ್ದಳು. ಓದು ಬಾರದ ತಾಯಂದಿರಿಗೆ ಅಂಕಿ ಹೇಳಿ ಏನು ಪ್ರಯೋಜನ? ಅದಕ್ಕೇ ಪ್ರತಿ ಮಗುವಿಗೂ ಒಂದು ದಾರ ಮಾಡಿದಳು. ಪೌಂಡಿಗೊಂದು ಗಂಟು. ದಾರ ಮಗುವಿನ ಸೊಂಟದಲ್ಲಿರುತ್ತದೆ. ಶನಿವಾರ ಎಲ್ಲರೆದುರು ತೂಗುವುದು, ಏರಿದ್ದರೆ ಹೊಸ ಗಂಟು ಹಾಕುವುದು, ಎಲ್ಲರೂ ಚಪ್ಪಾಳೆ ತಟ್ಟುವುದು. ಒಂದು ವರ್ಷದಲ್ಲಿ ಇಪ್ಪತ್ತಮೂರು ಮಕ್ಕಳು ಬಂದು ಹೋಗಿದ್ದವು. ಎಲ್ಲವೂ ಎಲುಬಿನ ಹಂದರದಂತೆ ಬಂದವು, ಎಲ್ಲವೂ ಗಂಟು ಏರಿಸಿಕೊಂಡೇ ಹೋದವು.

"ನನ್ನ ಅಂಗಳದಲ್ಲಿ ಗಂಟು ಹಾಕಿದ್ದುಂಟು, ಬಿಚ್ಚಿದ್ದಿಲ್ಲ" ಎಂದು ಕ್ಲೆರ್ಮೀನ್ ಹೇಳಿಕೊಳ್ಳುತ್ತಿದ್ದಳು. ಆ ಮಾತಿಗೆ ಗುಡ್ಡದಲ್ಲಿ ತೂಕವಿತ್ತು. ಏಕೆಂದರೆ ಮೈಮೇಲಿನ ಗಂಟುಗಳನ್ನು ಅಲ್ಲಿ ಬಿಚ್ಚುವುದು ಒಮ್ಮೆ ಮಾತ್ರ, ಹೆಣವನ್ನು ಪೆಟ್ಟಿಗೆಯಲ್ಲಿ ಮಲಗಿಸುವ ಮೊದಲು. ಗಂಟು ಇದ್ದರೆ ಜೀವ ಅದರಲ್ಲಿ ಸಿಕ್ಕಿಕೊಂಡು ದಾರಿ ಕಾಣದೆ ಒದ್ದಾಡುತ್ತದಂತೆ. ಕ್ಲೆರ್ಮೀನ್ ಇದನ್ನು ನಂಬುತ್ತಿರಲಿಲ್ಲ. ಆದರೆ ಜನ ನಂಬುತ್ತಾರೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ಶನಿವಾರ ಪಾತ್ರೆ ಒಲೆಯ ಮೇಲೇರಿತ್ತು. ಏಳೆಂಟು ತಾಯಂದಿರು ತೊಗರಿ ಸುಲಿಯುತ್ತ ಕುಳಿತಿದ್ದರು. ಕ್ಲೆರ್ಮೀನ್ ಸೌಟು ಹಿಡಿದುಕೊಂಡೇ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು.

"ಮೈ ಅಂದ್ರೆ ಏನ್ರೇ?"

"ಮನೆ!"

"ಮನೆ ಒಳಗೆ ಒಲೆ ಉರೀಬೇಕು. ಅದಕ್ಕೆ ಸೌದೆ ಯಾವುದು?"

"ಜೋಳ, ಬಾಳೆಕಾಯಿ, ಗೆಣಸು, ಸಕ್ಕರೆ" ಎಂದರು ಹೆಂಗಸರು.

"ಎಣ್ಣೆ?"

"ಅದೂ ಸೌದೆನೇ ಅಕ್ಕ, ಆದ್ರೆ ಗಟ್ಟಿ ಕೊರಡು. ಒಂದೇ ಚಮಚ, ಬಾಳ ಹೊತ್ತು ಉರಿಯುತ್ತೆ."

"ಬರೀ ಸೌದೆ ಇದ್ರೆ ಮನೆ ನಿಲ್ಲುತ್ತಾ? ಕಂಬ ಯಾವುದು?"

"ತೊಗರಿ, ಕಡಲೆಕಾಯಿ, ಮೊಟ್ಟೆ, ಮೀನು, ಹಾಲು."

"ಸೊಪ್ಪು, ಮಾವು, ಪಪ್ಪಾಯಿ?"

"ಬೇಲಿ! ಬೇಲಿ ಇಲ್ದಿದ್ರೆ ಕಂಡೋರ ಆಡೆಲ್ಲ ಒಳಗೆ ನುಗ್ಗುತ್ತೆ. ಜ್ವರ ಬರುತ್ತೆ, ಕಣ್ಣು ಮಂಜಾಗುತ್ತೆ."

"ಮೊಳೆ, ಸುಣ್ಣ?"

"ಮೊಳೆ ಸೊಪ್ಪಲ್ಲಿ, ಕಾಳಲ್ಲಿ. ಸುಣ್ಣ ಸಣ್ಣ ಒಣಮೀನಿನ ಮುಳ್ಳಲ್ಲಿ. ಮಣ್ಣು ಕಲೆಸೋಕೆ ನೀರು."

ಎರ್ಮಿಥ್ ಎಂಬ ಬಾಯಿಬಡುಕಿ, ಮಡಿಲಲ್ಲಿದ್ದ ಕಡ್ಡಿಯಂಥ ಮಗಳನ್ನು ತೊಡೆ ಬದಲಿಸಿ ಕೂರಿಸಿಕೊಂಡು ಕೇಳಿದಳು: "ಅದೆಲ್ಲ ಸರಿ ಕ್ಲೆರ್ಮೀನಕ್ಕ, ನನ್ ಗಂಡ ಇದ್ರಲ್ಲಿ ಯಾವುದು? ಮನೇಲಿ ಕೊರಡು ಬಿದ್ದಂಗೆ ಬಿದ್ದಿರ್ತಾನೆ. ಒಂದ್ ದಿನಾನೂ ಉರಿದಿದ್ದು ಕಾಣೆ!"

ಹೆಂಗಸರು ಬಿದ್ದು ಬಿದ್ದು ನಕ್ಕರು. ಆ ನಗುವಿನ ನಡುವೆಯೇ ಬೇಲಿಯ ಬಾಗಿಲಲ್ಲಿ ಒಂದು ಗಡಸು ದನಿ ಕೂಗಿತು. "ಗೌರವ!"

"ಮರ್ಯಾದೆ!" ಎಂದು ಒಳಗಿನವರು ಕೂಗಿದರು. ಆ ನಾಡಿನಲ್ಲಿ ಹೊರಗಿನವರು ಒಂದನ್ನು ಕೂಗಬೇಕು, ಒಳಗಿನವರು ಇನ್ನೊಂದನ್ನು ಕೂಗಬೇಕು, ಆಮೇಲೆಯೇ ಅಂಗಳಕ್ಕೆ ಕಾಲಿಡಬೇಕು.

ಒಳಗೆ ಬಂದವಳು ಸೆಲ್ವಿನಾ ಅಜ್ಜಿ. ಐವತ್ತು ವರ್ಷ ತಲೆಯ ಮೇಲೆ, ಸೊಂಟದ ಮೇಲೆ ಹೊರೆ ಹೊತ್ತು ಸಂತೆಗೆ ಇಳಿದು ಹತ್ತಿದ ಹೆಂಗಸು. ಬೆನ್ನು ಇನ್ನೂ ಬಾಗಿರಲಿಲ್ಲ. ಅವಳ ಸೊಂಟದಲ್ಲಿ ಮೊಮ್ಮಗ ವಿಲ್ನೆರ್, ಎರಡು ವರ್ಷ ತುಂಬಲು ಎರಡು ತಿಂಗಳು ಬಾಕಿ. ಹಿಂದೆ ಸೊಸೆ ಲುಸ್ಮೆನ್, ನೆಲ ನೋಡುತ್ತ ನಿಂತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಲುಸ್ಮೆನಳ ಕಾಲ ಇನ್ನೂ ಬಂದಿರಲಿಲ್ಲ.

ವಿಲ್ನೆರನ ಕೆನ್ನೆ ಉಬ್ಬಿ ಮಿರುಗುತ್ತಿತ್ತು. ಕಾಲು ದಪ್ಪಗಿದ್ದವು, ಪಾದದ ಗೆಣ್ಣೇ ಕಾಣುತ್ತಿರಲಿಲ್ಲ. ಕಪ್ಪಗಿರಬೇಕಾದ ಕೂದಲು ಕೆಂಚಾಗಿ, ಎಳೆದರೆ ಕೈಗೆ ಬರುವಂತಿತ್ತು. ಅವನು ಅಳುತ್ತಿರಲಿಲ್ಲ. ಯಾರನ್ನೂ ನೋಡುತ್ತಲೂ ಇರಲಿಲ್ಲ. ಯಾರಾದರೂ ಮುಟ್ಟಿದರೆ ಮುಲುಗಿ ಮುಖ ತಿರುಗಿಸುತ್ತಿದ್ದ.

"ಮಗು ಮೈಕೈ ತುಂಬ್ಕೊಂಡೇ ಇದೆ, ಎಲ್ಲರ ಕಣ್ಣಿಗೂ ಕಾಣುತ್ತೆ" ಎಂದಳು ಸೆಲ್ವಿನಾ. "ಆದ್ರೆ ನಡೀತಿದ್ದೋನು ಕೂತ್ಬಿಟ್ಟ. ಐದು ತಿಂಗಳಾಯ್ತು, ನಕ್ಕಿಲ್ಲ. ಈ ಹುಡುಗಿ ಅತ್ತು ಅತ್ತು ನನ್ನ ಪ್ರಾಣ ತಿಂದ್ಲು. ಅದಕ್ಕೆ ಬಂದೆ."

ಹಿಂದಿನದೆಲ್ಲ ಊರಿಗೇ ಗೊತ್ತಿದ್ದ ಸಂಗತಿ. ವಿಲ್ನೆರನಿಗೆ ಹತ್ತು ತಿಂಗಳಿದ್ದಾಗ ಅವನಪ್ಪ ಕೂಲಿ ಹುಡುಕಿಕೊಂಡು ಹೋದ ದೋಣಿ ಮುಳುಗಿತೆಂದು ಸುದ್ದಿ ಬಂತು. ಸುದ್ದಿ ಕೇಳಿ ಲುಸ್ಮೆನ್ ಕುಸಿದು ಬಿದ್ದಳು. ಅಂಥ ಆಘಾತವಾದಾಗ ಹೆಂಗಸಿನ ರಕ್ತ ಕೆಟ್ಟು ತಲೆಗೇರುತ್ತದೆ, ಕೆಟ್ಟ ರಕ್ತ ಮೊಲೆಗಿಳಿದು ಹಾಲನ್ನು ಕೆಡಿಸುತ್ತದೆ ಎಂಬುದು ಗುಡ್ಡದವರು ತಲೆತಲಾಂತರದಿಂದ ನಂಬಿದ ಮಾತು. ಕೆಟ್ಟ ಹಾಲು ಕುಡಿದ ಮಗು ಉಳಿಯುವುದಿಲ್ಲ. ಸೆಲ್ವಿನಾ ಆ ದಿನವೇ ಮಗುವನ್ನು ತಾಯಿಯ ಮಡಿಲಿನಿಂದ ಎತ್ತಿಕೊಂಡಳು. ಅಂದಿನಿಂದ ಕೂವೆ ಹಿಟ್ಟಿನ ಗಂಜಿ, ಒಂದಿಷ್ಟು ಸಕ್ಕರೆ. ಮಗ ಹೋದ, ಮೊಮ್ಮಗನಾದರೂ ಉಳಿಯಲಿ ಎಂದು ತನ್ನ ಕೈಯಾರೆ, ದಿನಕ್ಕೆ ಐದು ಸಲ, ಪ್ರೀತಿಯಿಂದ ಉಣಿಸಿದ್ದು ಅದೊಂದೇ. ಕಾಳು ಮಗುವಿಗೆ ಭಾರ, ಮೊಟ್ಟೆ ತಿಂದರೆ ಮಾತು ತಡ ಎಂಬುದು ಅವಳ ನಂಬಿಕೆ.

ಕ್ಲೆರ್ಮೀನ್ ಮಗುವಿನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೆಯೇ ಉಳಿಯಿತು. ಹೆಂಗಸರು ಕತ್ತು ಚಾಚಿ ನೋಡಿದರು.

"ಇದು ಮಾಂಸ ಅಲ್ಲ ಅಜ್ಜಿ. ನೀವು ವರ್ಷದಿಂದ ಬರೀ ಸೌದೆ ಹಾಕಿದೀರಿ. ಒಲೆ ಏನೋ ಉರೀತಿದೆ, ಕಂಬ ಮಾತ್ರ ಒಂದೂ ಇಲ್ಲ. ಕೂವೇಲಿ ಕಂಬ ಇಲ್ಲ. ಕಂಬ ಇಲ್ಲದ ಮನೆ ಹಿಂಗೇ ಊದಿ ನಿಲ್ಲೋದು."

"ನನ್ ಕೈಯಾರೆ ಉಣಿಸಿದ್ದು" ಎಂದಳು ಸೆಲ್ವಿನಾ. ದನಿ ಸಣ್ಣಗಾಗಿತ್ತು. ಮರುಕ್ಷಣವೇ ಗಡಸಾಯಿತು. "ಆಯ್ತು, ನಿನ್ ಪಾತ್ರೆದೇ ಉಣ್ಣಲಿ. ಮುಂದಿನ ಶನಿವಾರದವರೆಗೆ. ಅಷ್ಟರಲ್ಲಿ ಗಂಟು ಏರುತ್ತೋ ಇಲ್ವೋ, ಅದನ್ನ ಹೇಳು. ಏರಲ್ಲ ಅಂದ್ರೆ ಈಗಲೇ ಎತ್ಕೊಂಡು ಹೋಗ್ತೀನಿ, ನನಗೆ ನನ್ನದೇ ದಾರಿ ಇದೆ."

ಕ್ಲೆರ್ಮೀನಳ ಪುಸ್ತಕದಲ್ಲಿ, ನರ್ಸಮ್ಮ ಬರೆಸಿದ ಪಾಠಗಳಲ್ಲಿ, ಅಡಿಗೆರೆ ಎಳೆದ ಒಂದು ಸಾಲು ಇತ್ತು: ಊದಿದ ಮಗು ಮೊದಲು ಇಳಿಯುತ್ತದೆ, ನೀರು ಹೋಗಿ ಎಲುಬು ಕಾಣುತ್ತದೆ, ತಾಯಿ ಹೆದರುತ್ತಾಳೆ, ಆದ್ದರಿಂದ ಮೊದಲ ದಿನವೇ ಹೇಳಿಬಿಡಬೇಕು. ಆ ಸಾಲು ಅವಳಿಗೆ ಬಾಯಿಪಾಠವಾಗಿತ್ತು. ಆದರೆ ಇದುವರೆಗೆ ಬಂದ ಇಪ್ಪತ್ತಮೂರು ಮಕ್ಕಳಲ್ಲಿ ಒಂದೂ ಊದಿದ್ದಲ್ಲ; ಊದಿದ ಮಗುವಿಗೆ ಕಾಯಿಲೆ ಎಂದು ಯಾರು ತರುತ್ತಾರೆ? ಈಗ ಬಂದಿದೆ. ಇವನು ಮೊದಲು ಇನ್ನಷ್ಟು ಸೊರಗುತ್ತಾನೆ ಎಂದರೆ ಮುದುಕಿ ಎದ್ದು ಹೋಗುತ್ತಾಳೆ. ಎಂಟು ಹೆಂಗಸರು ಬಾಯಿ ನೋಡುತ್ತಿದ್ದಾರೆ. ಬಿಚ್ಚಿದ್ದಿಲ್ಲ ಎಂದು ಕೊಚ್ಚಿಕೊಂಡ ಮಾತು ಬೇರೆ ಇದೆ.

"ಏರುತ್ತೆ ಅಜ್ಜಿ" ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೊಕ್ಕೆಗೆ ಜೋಲಿ ಕಟ್ಟಿ ಮಗುವನ್ನು ತೂಗಿದಳು. ಹದಿನೆಂಟು ಪೌಂಡು. ಹೊಸ ದಾರದಲ್ಲಿ ಹದಿನೆಂಟು ಗಂಟು ಹಾಕಿ ಸೊಂಟಕ್ಕೆ ಕಟ್ಟಿದಳು. ಹೆಂಗಸರು ಚಪ್ಪಾಳೆ ತಟ್ಟಿದರು.

ಸೆಲ್ವಿನಾ ಸೊಸೆಯನ್ನು ಮಾತ್ರ ಕಳಿಸಿ ಮನೆಯಲ್ಲಿ ಕೂರುವವಳಲ್ಲ. ಮರುದಿನದಿಂದ ದಿನವೂ ತಾನೇ ಬಂದಳು. ಮೊದಲ ದಿನ ದೂರ ಕುಳಿತು ಮೂಗು ಮುರಿದಳು. ಎರಡನೆಯ ದಿನ, "ಸಿಪ್ಪೆ ಹಂಗೇ ಬಿಟ್ಟಿದೀರಲ್ಲೇ, ಮಗು ಹೊಟ್ಟೆ ಏನು ಕಬ್ಬಿಣದ್ದಾ?" ಎಂದು ಬೈದು ತಾನೇ ತೊಗರಿ ತಿಕ್ಕಿ ಸಿಪ್ಪೆ ತೆಗೆದಳು. ಮೂರನೆಯ ದಿನದ ಹೊತ್ತಿಗೆ ಯಾವ ಕಾಳಿಗೆ ಎಷ್ಟು ಜೋಳ, ಎಷ್ಟು ಎಣ್ಣೆ ಎಂದು ಎರ್ಮಿಥಳಿಗೆ ಅವಳೇ ಹೇಳಿಕೊಡುತ್ತಿದ್ದಳು.

ವಿಲ್ನೆರ್ ಮೊದಲೆರಡು ದಿನ ಉಗುಳಿದ. ಲುಸ್ಮೆನ್ ಬೆರಳ ತುದಿಯಲ್ಲಿ ತೆಗೆದುಕೊಂಡು ತುಟಿಗೆ ಹಚ್ಚಿ ಹಚ್ಚಿ ಉಣಿಸಿದಳು. ಮೂರನೆಯ ದಿನ ನಾಲ್ಕು ಚಮಚ ನುಂಗಿದ. ಉಚ್ಚೆ ಹೆಚ್ಚಾಯಿತು. ಲುಸ್ಮೆನ್ ದಿನಕ್ಕೆ ಆರು ಸಲ ಬಟ್ಟೆ ಒಗೆದಳು. ಯಾಕೆ ಇಷ್ಟು ಎಂದು ಕೇಳಿದಳು. "ಒಳ್ಳೇದೇ" ಎಂದಷ್ಟೇ ಹೇಳಿ ಕ್ಲೆರ್ಮೀನ್ ಪಾತ್ರೆಯ ಕಡೆ ತಿರುಗಿದಳು.

ಬುಧವಾರ ಮಧ್ಯಾಹ್ನ ಸೊಪ್ಪು ಬಿಡಿಸುತ್ತ ಸೆಲ್ವಿನಾ ತಾನಾಗಿಯೇ ಮಾತು ತೆಗೆದಳು.

"ನಿನ್ ಕಂಬದ ಪಾಠ ಕೇಳ್ದಾಗೆಲ್ಲ ನಮ್ಮನೆಯೋರ ನೆನಪಾಗುತ್ತೆ. ನಮ್ ಗುಡಿಸಲ ಕಂಬ ಗೆದ್ದಲು ಹಿಡಿದು ಹೋಗಿತ್ತು. ಹೊಸಾದು ಹಾಕ್ತೀನಿ ಅಂತ ಅವರು ಹಳೇದು ಕಿತ್ರು ನೋಡು, ಸೂರು ಅರ್ಧ ಕೆಳಗೇ ಇಳೀತು! ನಾನು ಬಾಯಿ ಬಡ್ಕೊಂಡೆ. ಸುಮ್ನಿರೇ, ಕಂಬ ಹಾಕೋವಾಗ ಸೂರು ಇಳಿಯುತ್ತೆ ಅಂದ್ರು. ನಾಲ್ಕು ದಿನ ಬಗ್ಗಿಕೊಂಡೇ ಓಡಾಡಿದ್ವಿ. ಆಮೇಲೆ ನಿಂತ್ಕೊಂಡ್ತು, ಇವತ್ತಿಗೂ ನಿಂತಿದೆ."

ಇದಕ್ಕಿಂತ ಅಗಲವಾಗಿ ಬಾಗಿಲು ತೆರೆದು ಯಾರು ಕೊಡುತ್ತಾರೆ? 'ಅಜ್ಜಿ, ನಿಮ್ಮ ಮೊಮ್ಮಗನಿಗೂ ಹಾಗೇ ಆಗುತ್ತೆ' ಎಂಬ ಮಾತು ಕ್ಲೆರ್ಮೀನಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟು ಹೇಳಿದರೆ, ಶನಿವಾರ ಏರುತ್ತೆ ಎಂದದ್ದು ಯಾಕೆ ಎಂಬ ಪ್ರಶ್ನೆ ಬರುತ್ತದೆ. ಅವಳಿಗೆ ನಾಚಿಕೆಯಾಯಿತು. ಬರಿಯ ನಾಚಿಕೆ, ಮತ್ತೇನೂ ಅಲ್ಲ. ಅದಕ್ಕೆ ಹೆದರಿ ಅವಳು ಸುಮ್ಮನೆ ನಕ್ಕು ಸೌಟು ತಿರುವಿದಳು.

ಗುರುವಾರ ವಿಲ್ನೆರ್ ನಕ್ಕ. ಎರ್ಮಿಥಳ ಮಗಳು ಚಮಚ ಕಿತ್ತುಕೊಂಡು ಮುಖಕ್ಕೆಲ್ಲ ಗಂಜಿ ಬಳಿದುಕೊಂಡಿದ್ದಳು. ಅವನು ಅದನ್ನು ನೋಡಿದ. ತುಟಿ ಅಲುಗಿತು. ಮೇಲಿನ ಎರಡು ಹಲ್ಲು ಕಂಡವು. ಲುಸ್ಮೆನ್ ಕಿರುಚಿಕೊಂಡಳು. "ಅತ್ತೆ! ನೋಡಿ ಅತ್ತೆ, ನಕ್ಕ!" ಸೆಲ್ವಿನಾ ಓಡಿ ಬಂದು ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ತಾನೂ ಮುಖಕ್ಕೆ ಗಂಜಿ ಬಳಿದುಕೊಂಡಳು. ಅವನು ಇನ್ನೊಮ್ಮೆ ನಕ್ಕ. ಊದಿದ ಮಗುವಿನ ನಗು ವಾಪಸು ಬಂದರೆ ಮಗುವೂ ವಾಪಸು ಬಂದ ಹಾಗೆ ಎಂದು ನರ್ಸಮ್ಮ ಹೇಳಿದ್ದಳು. ಕ್ಲೆರ್ಮೀನ್ ಒಲೆಯ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡಳು. ಗೆದ್ದೆವು ಎಂದುಕೊಂಡಳು.

ಶುಕ್ರವಾರದ ಹೊತ್ತಿಗೆ ಕೆನ್ನೆ ಇಳಿದಿತ್ತು. ಪಾದದ ಗೆಣ್ಣು ಕಾಣುತ್ತಿತ್ತು. ಪಕ್ಕೆಲುಬು ಒಂದೊಂದೇ ಲೆಕ್ಕಕ್ಕೆ ಸಿಗುತ್ತಿದ್ದವು. ನೀರೆಲ್ಲ ಹೋದ ಮೇಲೆ ಉಳಿದದ್ದು ಕೂವೆ ಗಂಜಿಯ ಒಂದು ವರ್ಷ, ಅಷ್ಟೇ. ಸೆಲ್ವಿನಾ ಆ ದಿನ ಮಗುವನ್ನು ಕೆಳಗಿಳಿಸಲೇ ಇಲ್ಲ.

ಶನಿವಾರ ಎಲ್ಲ ಮಕ್ಕಳನ್ನೂ ತೂಗಿದ ಮೇಲೆ ವಿಲ್ನೆರನ ಸರದಿ ಬಂತು. ಕೊಕ್ಕೆಯ ಮುಳ್ಳು ಹದಿನೈದರಲ್ಲಿ ನಿಂತಿತು. ಕ್ಲೆರ್ಮೀನ್ ಮುಳ್ಳಿಗೂ ಹೆಂಗಸರಿಗೂ ನಡುವೆ ಬೆನ್ನು ಅಡ್ಡ ಮಾಡಿಕೊಂಡು ನಿಂತಿದ್ದಳು. ಮೂರು ಗಂಟು ಬಿಚ್ಚಬೇಕು. ಎಲ್ಲರೆದುರು, ಬದುಕಿರುವ ಮಗುವಿನ ಸೊಂಟದಿಂದ, ಮೂರು ಗಂಟು. ಇನ್ನೊಂದು ವಾರ ಸಿಕ್ಕರೆ ಸಾಕು, ಏರಿಯೇ ಏರುತ್ತದೆ. ಆಮೇಲೆ ಎಲ್ಲವನ್ನೂ ಹೇಳಿದರಾಯಿತು.

"ಹದಿನೆಂಟು" ಎಂದಳು. "ಇದ್ದಷ್ಟೇ ಇದೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೆಲ್ವಿನಾ ಎದ್ದು ಬಂದು ಮಗುವನ್ನು ಜೋಲಿಯಿಂದ ಎತ್ತಿಕೊಂಡು ಎಡ ಸೊಂಟದ ಮೇಲೆ ಕೂರಿಸಿಕೊಂಡಳು. ಒಂದು ಸಲ ಸ್ವಲ್ಪ ಕುಲುಕಿ ನೋಡಿದಳು, ಸಂತೆಯಲ್ಲಿ ಕಾಳಿನ ಚೀಲ ಕುಲುಕಿ ನೋಡುವಂತೆ.

"ಹುಡುಗಿ, ಐವತ್ತು ವರ್ಷ ಈ ಸೊಂಟದ ಮೇಲೆ ಹೊತ್ತಿದೀನಿ. ಕಾಫಿಬೀಜ, ಗೆಣಸು, ಏಳು ಮಕ್ಕಳು. ಹೋದ ಶನಿವಾರಕ್ಕೂ ಇವತ್ತಿಗೂ ಇವನು ಮೂರು ಪೌಂಡು ಕಮ್ಮಿ ಇದಾನೆ. ನಿನ್ ದಾರ ಸುಳ್ಳು ಹೇಳುತ್ತೆ, ನನ್ ಸೊಂಟ ಹೇಳಲ್ಲ."

"ಅಜ್ಜಿ, ಅದು ನೀರು. ನೀರು ಇಳಿದಿರೋದು. ಒಳ್ಳೇದೇ ಅಜ್ಜಿ, ಊದಿದ ಮಕ್ಕಳು ಮೊದಲು ಇಳಿದೇ..."

"ಈಗ ನೀರು ಅಂತೀಯಾ? ಈಗ ತಾನೇ ಹದಿನೆಂಟು ಅಂದ್ಯಲ್ಲ!"

"ಹೆದರ್ತೀರಿ ಅಂತ..."

"ನಾನು ಹೆದರೋದೇನು ಬಂತು, ಹೆದರಿದೋಳು ನೀನು. ನಿನ್ ತೊಗರಿ ಇವನ ಹೊಟ್ಟೇಲಿ ಕೂತು ಇವನನ್ನೇ ತಿಂತಿದೆ. ಗೊತ್ತಿದ್ದೂ ಬೆನ್ನು ಅಡ್ಡ ಹಿಡಿದೆ. ನಡಿಯೇ ಲುಸ್ಮೆನ್."

ಕ್ಲೆರ್ಮೀನ್ ಹಿಂದೆಯೇ ಓಡಿದಳು. ಪುಸ್ತಕ ತಂದು ಅಡಿಗೆರೆ ಎಳೆದ ಸಾಲು ತೋರಿಸಿದಳು. ಓದು ಬಾರದ ಮುದುಕಿಗೆ ಅದರಲ್ಲಿ ಏನು ಕಂಡೀತು? ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಸೆಲ್ವಿನಾಳ ಹೆಗಲ ಮೇಲಿಂದ ವಿಲ್ನೆರ್ ಅಂಗಳದ ಪಾತ್ರೆಯ ಕಡೆ ಕೈ ಚಾಚಿದ. ಅವನಿಗೆ ಹಸಿವು ಮರಳಿತ್ತು. ಹಿಂತಿರುಗಿ ನೋಡಿದರೆ ಎರ್ಮಿಥ್ ತನ್ನ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಮೆಲ್ಲಗೆ ಕುಲುಕಿ ನೋಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಕ್ಲೆರ್ಮೀನ್ ಗುಡ್ಡ ಹತ್ತಿ ಸೆಲ್ವಿನಾಳ ಬೇಲಿಯ ಮುಂದೆ ನಿಂತಳು.

"ಗೌರವ!"

ಒಳಗಿನಿಂದ ಉತ್ತರ ಬರಲಿಲ್ಲ. ಒಲೆಯ ಹೊಗೆ ಮಾತ್ರ ಬರುತ್ತಿತ್ತು. ಎರಡನೆಯ ಸಲ ಕೂಗಿದಳು. ಮೂರನೆಯ ಸಲವೂ ಕೂಗಿದಳು. ಕೂಗಿಗೆ ಉತ್ತರ ಕೊಡದ ಮನೆಗೆ ಆ ನಾಡಿನಲ್ಲಿ ವೈರಿಯೂ ಕಾಲಿಡುವುದಿಲ್ಲ. ಕ್ಲೆರ್ಮೀನಳೂ ಇಡಲಿಲ್ಲ. ಇಡಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಅವಳಿಗೆ ಅನ್ನಿಸಿತು.

ಮನೆಯ ಹಿಂದಿನಿಂದ ಲುಸ್ಮೆನ್ ಬಂದಳು. ಕಣ್ಣು ಬಾತುಕೊಂಡಿತ್ತು.

"ಅತ್ತೆ ಬೆಳಿಗ್ಗೆ ಹರಳೆಣ್ಣೆ ಕುಡಿಸಿದ್ರು ಅಕ್ಕ. ಹೊಟ್ಟೇಲಿರೋ ಕಾಳೆಲ್ಲ ತೊಳೆದು ಹೋಗಲಿ ಅಂತ. ಆಗಲೇ ಐದು ಸಲ ಹೋಯ್ತು. ಬರೀ ನೀರು."

ಕ್ಲೆರ್ಮೀನ್ ಬೇಲಿಯ ಮೇಲೆ ಬಾಗಿ ಲುಸ್ಮೆನಳ ಕೈ ಹಿಡಿದಳು. "ಅಯ್ಯೋ, ಅವನ ಹತ್ರ ಕಳಕೊಳ್ಳೋಕೆ ಏನೂ ಉಳಿದಿಲ್ಲ ಕಣೇ! ಕೇಳು, ಕಾಯಿಸಿ ಆರಿಸಿದ ನೀರು, ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಸಕ್ಕರೆ. ನಿಮಿಷಕ್ಕೊಂದು ಚಮಚ. ಮಗು ಬೇಡ ಅಂದ್ರೂ ಕೊಡು. ಅತ್ತೆಗೆ ಗೊತ್ತಾಗದ ಹಾಗೆ ಕೊಡು."

"ಮಗೂನ ನನ್ನ ಕೈಗೇ ಕೊಡ್ತಿಲ್ಲ ಅಕ್ಕ. ಹಾಲು ಕೆಟ್ಟೋಳು ಅಂದ್ರು ಆಗ. ಈಗ ಕೈಯೂ ಕೆಟ್ಟಿದೆ ಅಂತಾರೆ, ನಿಮ್ಮ ಅಂಗಳಕ್ಕೆ ಕರ್ಕೊಂಡು ಬಂದದ್ದು ನಾನೇ ಅಲ್ವಾ." ಮನೆಯ ಕಡೆ ಒಮ್ಮೆ ನೋಡಿ ಮತ್ತೆ ಹೇಳಿದಳು: "ಅತ್ತೆ ಕೇಳಿದ್ರು, ಆ ಹೆಂಗಸು ಹೇಳಿದ್ರಲ್ಲಿ ಯಾವುದು ನಿಜ, ಯಾವುದು ಸುಳ್ಳು, ನೀನೇ ಆರಿಸಿ ಕೊಡು ನೋಡೋಣ ಅಂತ. ನನಗೆ ಆರಿಸೋಕೆ ಆಗ್ಲಿಲ್ಲ ಅಕ್ಕ. ನೀವು ಯಾಕೆ ಹದಿನೆಂಟು ಅಂದ್ರಿ?"

ಕ್ಲೆರ್ಮೀನ್ ಗುಡ್ಡ ಇಳಿದು, ಮೊಣಕಾಲುದ್ದದ ಹೊಳೆ ದಾಟಿ, ಪಟ್ಟಣಕ್ಕೆ ಓಡಿದಳು. ನರ್ಸಮ್ಮನ ಮಾತನ್ನಾದರೂ ಮುದುಕಿ ಕೇಳಬಹುದು ಎಂಬ ಆಸೆ. ನರ್ಸಮ್ಮ ಇನ್ನೊಂದು ಕಣಿವೆಗೆ ಹೋಗಿದ್ದಳು, ಬರುವುದು ಮಂಗಳವಾರ. ಕ್ಲೆರ್ಮೀನ್ ಎರಡು ದಿನ ಅವಳ ಬಾಗಿಲಲ್ಲೇ ಕುಳಿತಿದ್ದಳು. ಮಂಗಳವಾರ ಮಧ್ಯಾಹ್ನ ಇಬ್ಬರೂ ಹೊಳೆ ದಾಟುತ್ತಿರುವಾಗಲೇ ಗುಡ್ಡದ ಮೇಲಿನಿಂದ ಹೆಂಗಸರ ಗೋಳು ಕೇಳಿಸಿತು. ಒಂದು ಮನೆಯಲ್ಲಿ ಎದ್ದ ಗೋಳು ಮನೆಯಿಂದ ಮನೆಗೆ ಹಬ್ಬಿ ಕೆಳಗಿನವರೆಗೆ ಬರುತ್ತಿತ್ತು. ನರ್ಸಮ್ಮ ನೀರಿನ ನಡುವೆಯೇ ನಿಂತುಬಿಟ್ಟಳು.

"ಮೊದಲ ದಿನವೇ ಹೇಳಿದ್ಯಾ?" ಎಂದು ಕೇಳಿದಳು. ಕ್ಲೆರ್ಮೀನ್ ತಲೆಯಾಡಿಸಿದಳು, ಇಲ್ಲ ಎಂದು. ನರ್ಸಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸತ್ತವರಿಗೆ ಒಂಬತ್ತು ದಿನ ಪ್ರಾರ್ಥನೆ ನಡೆಯುತ್ತದೆ. ಆ ಒಂಬತ್ತು ದಿನಗಳಲ್ಲಿ ಕ್ಲೆರ್ಮೀನಳ ಅಂಗಳ ಖಾಲಿಯಾಯಿತು. ಮೊದಲು ಐವರು ಬಂದರು, ಆಮೇಲೆ ಇಬ್ಬರು. ಕೊನೆಗೆ ಎರ್ಮಿಥ್ ಒಬ್ಬಳೇ ಬಂದಳು, ಮಗಳನ್ನು ಕರೆತರಲಿಲ್ಲ. ಬೇಲಿಯ ಹೊರಗೇ ನಿಂತು, "ತಪ್ಪು ತಿಳ್ಕೋಬೇಡ ಅಕ್ಕ, ಮನೇಲಿ ಬಿಡಲ್ಲ. ಕೊರಡು ಕೂಡ ಈಗ ಬಾಯಿ ಬಿಟ್ಟಿದೆ" ಎಂದಳು. ತಮಾಷೆಗೆ ಹೇಳಿದ್ದು, ಇಬ್ಬರಿಗೂ ನಗು ಬರಲಿಲ್ಲ. ಮಗಳ ಸೊಂಟದ ದಾರವನ್ನು ಕತ್ತರಿಸಿ ತಂದಿದ್ದಳು. ಬಿಚ್ಚಲು ಭಯ ನೋಡಿ, ಅದಕ್ಕೇ ಕತ್ತರಿಸಿದ್ದು. ಬೇಲಿಯ ಕಡ್ಡಿಗೆ ಸಿಕ್ಕಿಸಿ ಹೋದಳು.

ಹತ್ತನೆಯ ದಿನ ಬೆಳಿಗ್ಗೆ ಬೇಲಿಯ ಬಾಗಿಲಲ್ಲಿ ಆ ಗಡಸು ದನಿ ಮತ್ತೆ ಕೂಗಿತು. "ಗೌರವ!"

"ಮರ್ಯಾದೆ" ಎಂದಳು ಕ್ಲೆರ್ಮೀನ್. ಅಂದು ತನಗೆ ಸಿಗದ ಉತ್ತರವನ್ನು ಮುದುಕಿಗೆ ಕೊಡದೆ ಇರಲು ಅವಳಿಗೆ ಮನಸ್ಸು ಬರಲಿಲ್ಲ.

ಸೆಲ್ವಿನಾ ಬಿಳಿ ಬಟ್ಟೆ ಉಟ್ಟಿದ್ದಳು. ಬೆನ್ನು ಬಾಗಿತ್ತು. ತಣ್ಣಗಿದ್ದ ಒಲೆಯ ಪಕ್ಕದ ಕಲ್ಲಿನ ಮೇಲೆ ಕುಳಿತು, ಬಟ್ಟೆಯ ಮಡಿಕೆಯಿಂದ ಒಂದು ದಾರ ತೆಗೆದು ಮೊಣಕಾಲ ಮೇಲೆ ಹಾಸಿದಳು. ಗಂಟು ಒಂದೂ ಇರಲಿಲ್ಲ. ಗಂಟು ಇದ್ದ ಜಾಗದಲ್ಲೆಲ್ಲ ದಾರ ಸುಕ್ಕುಗಟ್ಟಿ ನಿಂತಿತ್ತು.

"ಪೆಟ್ಟಿಗೇಲಿ ಮಲಗಿಸೋಕೆ ಮುಂಚೆ ನಾನೇ ಬಿಚ್ಚಿದೆ" ಎಂದಳು. "ಹದಿನೆಂಟು. ಒಂದೊಂದೇ ಎಣಿಸ್ಕೊಂಡು ಬಿಚ್ಚಿದೆ. ಬಾಳ ಹೊತ್ತು ಹಿಡೀತು. ಇದ್ರಲ್ಲಿ ನಿಜವಾದ್ದು ಎಷ್ಟು?"

"ಹದಿನೈದು ಅಜ್ಜಿ."

"ಹ್ಞೂಂ. ನನ್ ಸೊಂಟವೂ ಅದನ್ನೇ ಹೇಳಿತ್ತು." ಮುದುಕಿ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಪಟ್ಟಣದ ನರ್ಸಮ್ಮ ಮೊನ್ನೆ ಮನೆಗೆ ಬಂದಿದ್ಲು. ಮಗು ಇಳೀತಿದ್ದದ್ದು ಒಳ್ಳೇದಕ್ಕೇ ಅಂದ್ಲು. ಇನ್ನೊಂದು ವಾರಕ್ಕೆ ಏರೋಕೆ ಶುರುವಾಗ್ತಿತ್ತು ಅಂದ್ಲು. ಹೌದಾ?"

"ಹೌದು."

"ನಿನಗೆ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಿ ಉಳಿಸಿಕೊಳ್ಳುವಂಥದ್ದು ಇನ್ನೇನೂ ಇರಲಿಲ್ಲ. "ಮೊದಲ ದಿನವೇ ಗೊತ್ತಿತ್ತು ಅಜ್ಜಿ. ನೀವು ಬರೋಕೆ ಮುಂಚೇನೇ ಗೊತ್ತಿತ್ತು."

ಸೆಲ್ವಿನಾ ಒಲೆಯ ಕಡೆ ನೋಡಿದಳು. ಮೊಮ್ಮಗನಿಗೆ ತಾನೇ ಸಿಪ್ಪೆ ಸುಲಿದ ತೊಗರಿಯ ಹೊಟ್ಟು ಒಲೆಯ ಸುತ್ತ ಇನ್ನೂ ಬಿದ್ದಿತ್ತು.

"ನಾನು ಕಾಯ್ತಿದ್ದೆ ಹುಡುಗಿ" ಎಂದಳು. "ಕಂಬ ಹಾಕೋವಾಗ ಸೂರು ಇಳಿಯುತ್ತೆ ಅಂತ ನಾನೇ ಹೇಳಿರ್ಲಿಲ್ವಾ? ಇದೇ ಕಲ್ಲಿನ ಮೇಲೆ ಕೂತು ಹೇಳಿದ್ದೆ. ನಾಲ್ಕು ದಿನ ಬಗ್ಗಿಕೊಂಡು ಓಡಾಡಿದೋಳು, ಇನ್ನೊಂದು ವಾರ ಓಡಾಡ್ತಿರ್ಲಿಲ್ವಾ? ಈಗ ನೋಡು. ಹರಳೆಣ್ಣೆ ಕುಡಿಸಿದ್ದು ನನ್ ಕೈ. ಕೂವೆ ಗಂಜಿ ಉಣಿಸಿದ್ದೂ ಇದೇ ಕೈ. ಈ ಕೈ ಇಟ್ಕೊಂಡು ನಾನು ಎಲ್ಲಿಗೆ ಹೋಗ್ಲಿ?"

ಕ್ಲೆರ್ಮೀನ್ ಅಳುತ್ತಿದ್ದಳು. ಮುದುಕಿ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ದಾರವನ್ನು ಕಲ್ಲಿನ ಮೇಲೆ ಬಿಟ್ಟು ಎದ್ದಳು. ಬಾಗಿಲು ದಾಟುವಾಗ ರೂಢಿಯಂತೆ ಎಡ ಸೊಂಟವನ್ನು ಸ್ವಲ್ಪ ಹೊರಗೆ ಮಾಡಿಕೊಂಡೇ ನಡೆದಳು.

ಅವಳು ಹೋದ ಮೇಲೆ ಕ್ಲೆರ್ಮೀನ್ ಅಲ್ಲಿಯೇ ಕುಳಿತಿದ್ದಳು. ಬೇಲಿಯಾಚೆ ಸಂತೆಯ ದಾರಿಯಲ್ಲಿ ಹೆಂಗಸರು ಇಳಿದು ಹೋಗುತ್ತಿದ್ದರು. ಅವರಲ್ಲೊಬ್ಬಳ ಸೊಂಟದಲ್ಲಿ ಒಂದೂವರೆ ವರ್ಷದ ಹೆಣ್ಣು ಮಗು. ಕೆನ್ನೆ ಉಬ್ಬಿ ಮಿರುಗುತ್ತಿತ್ತು. "ಅಬ್ಬಾ, ಎಷ್ಟು ದುಂಡಗಾಗಿದಾಳೆ ನೋಡ್ರೇ, ಏನು ತಿನ್ನಿಸ್ತೀಯೇ?" ಎಂದು ಯಾರೋ ಕೇಳಿದರು. "ಕೂವೆ ಗಂಜಿ" ಎಂದು ತಾಯಿ ಹೆಮ್ಮೆಯಿಂದ ಹೇಳಿದಳು. ಮಗುವಿನ ಕೂದಲು ಕೆಂಚಾಗಿತ್ತು. ಕಾಲಿನ ಗೆಣ್ಣು ಕಾಣುತ್ತಿರಲಿಲ್ಲ.

ಕ್ಲೆರ್ಮೀನ್ ಎದ್ದು ಬೇಲಿಯವರೆಗೆ ಓಡಿದಳು. "ಏಯ್, ನಿಲ್ಲೇ, ಒಂದು ಮಾತು ಕೇಳು" ಎಂದಳು. ಈ ಸಲ ಮೊದಲೇ ಎಲ್ಲವನ್ನೂ ಹೇಳಿಬಿಡಬೇಕೆಂದಿದ್ದಳು. ಹೆಂಗಸು ತಿರುಗಿ ನೋಡಿ, ಕರೆದವಳು ಯಾರೆಂದು ತಿಳಿದು, ಮಗುವಿನ ಮೇಲೆ ಬಟ್ಟೆ ಎಳೆದು ಮುಚ್ಚಿಕೊಂಡು ದಾಪುಗಾಲು ಹಾಕಿದಳು.